ವಜ್ರದವರ ಬಹುಮಾನ

ಇಸ್ತ್ರಿಯಕ್ಕ ಹಿಂದಿನ ದಿನವೇ ಸೂಟ್‌ಕೇಸ್ ಕಟ್ಟಿ, ಬೀಗ ಹಾಕಿ, ಮಂಚದ ಕೆಳಗೆ ತಳ್ಳಿದ್ದಳು. ಬೆಳಿಗ್ಗೆ ಪ್ರವಾಸಿ ಹಡಗು ಬಂದರು ಮುಟ್ಟಿದ ಮೇಲೆ ಅವಳಿಗೆ ಉಳಿದಿದ್ದು ಅರ್ಧ ದಿನದ ಕೆಲಸ. ತನ್ನ ಪಾಲಿನ ಕೋಣೆಗಳಲ್ಲಿ ಇಳಿದು ಹೋದವರ ಕಸ ತೆಗೆಯುವುದು, ಹತ್ತಿ ಬರುವವರಿಗೆ ಹಾಸಿಗೆ ಹಾಸುವುದು, ಬಾಗಿಲು ತೆರೆಯುವ ಕಾರ್ಡು ಒಪ್ಪಿಸಿ ಸಂಜೆಯ ವಿಮಾನ ಹಿಡಿಯುವುದು. ಕರಾರು ಅವತ್ತಿಗೆ ಮುಗಿಯುತ್ತಿತ್ತು.

ಇಸ್ತ್ರಿಯಕ್ಕ ಅಂದರೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತಾನು ಹಾಸಿದ ಹಾಸಿಗೆಯಲ್ಲಿ ಒಂದು ಸುಕ್ಕು ತೋರಿಸಿದವರಿಗೆ ತನ್ನ ಆ ಹೊತ್ತಿನ ಊಟ ಕೊಡುತ್ತೇನೆ ಎಂದು ಅವಳು ಜೊತೆಯವರೊಂದಿಗೆ ಪಂದ್ಯ ಕಟ್ಟುತ್ತಿದ್ದಳು. ಯಾರೂ ಆ ಊಟ ಉಂಡಿರಲಿಲ್ಲ. ಹೆಸರು ಅಂಟಿಕೊಳ್ಳಲು ಅವಳ ಸಿಟ್ಟೂ ಒಂದು ಕಾರಣ. ಮುಟ್ಟಿದರೆ ಚುರ್ ಅನ್ನುವ ಜಾತಿಯ ಸಿಟ್ಟು ಅದು. ಆದರೆ ಹತ್ತೊಂಬತ್ತು ವರ್ಷದಿಂದ ಆ ಸಿಟ್ಟೆಲ್ಲ ಖರ್ಚಾಗುತ್ತಿದ್ದದ್ದು ಹಡಗಿನ ತಳದಲ್ಲಿ, ನಾಲ್ಕು ಜನ ಒಬ್ಬರ ಮೇಲೊಬ್ಬರು ಮಲಗುವ ಕಿಟಕಿಯಿಲ್ಲದ ಕೋಣೆಯಲ್ಲಿ. ಮೆಟ್ಟಿಲು ಹತ್ತಿ ಪ್ರಯಾಣಿಕರ ಹಜಾರಕ್ಕೆ ಬಂದಳೆಂದರೆ ಮುಖದ ತುಂಬ ನಗು. ಅರ್ಧ ಸಂಬಳ ಬರುವುದೇ ಆ ನಗುವಿಗೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಸಂಬಳದಲ್ಲಿ ಮಗಳು ಬೆಳೆದಳು, ಅಜ್ಜಿಯ ಮಡಿಲಲ್ಲಿ. ಹಲ್ಲು ಬಂದದ್ದು, ಶಾಲೆಗೆ ಸೇರಿದ್ದು, ಜ್ವರ ಬಂದು ಮಲಗಿದ್ದು, ಎಲ್ಲವನ್ನೂ ಇಸ್ತ್ರಿಯಕ್ಕ ಫೋನಿನಲ್ಲೇ ಕೇಳಿಸಿಕೊಂಡಳು. ಮದುವೆಗೆ ನಾಲ್ಕು ದಿನದ ರಜೆಯಲ್ಲಿ ಬಂದು, ಬಾಡಿಗೆಗೆ ತಂದ ತಾಯಿಯ ಹಾಗೆ ಫೋಟೋದಲ್ಲಿ ನಿಂತು ಹೊರಟುಬಿಟ್ಟಳು. ಅಜ್ಜಿ ತೀರಿಕೊಂಡಾಗ ಹಡಗು ನಡುಗಡಲಿನಲ್ಲಿತ್ತು. ಈಗ ಮಗಳಿಗೆ ದಿನ ತುಂಬಿತ್ತು, ಇನ್ನೊಂದು ವಾರದಲ್ಲಿ ಹೆರಿಗೆ.

"ಬಾಣಂತನಕ್ಕೆ ನಾನೇ ಇರ್ತೀನಿ ಕಣೆ. ಹಡಗು ಮುಳುಗಿದ್ರೂ ಈಜಿಕೊಂಡು ಬರ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ಮಗಳು ನಕ್ಕಿದ್ದಳು. ಅದು ನಂಬಿದವರ ನಗುವಲ್ಲ ಎಂಬುದು ತಾಯಿಗೆ ತಿಳಿಯದೆ ಇರಲಿಲ್ಲ.

ಕೋಣೆ ಕೆಲಸದವರ ಸೂಪರ್‌ವೈಸರ್ ಬಂದಾಗ ಅವಳು ದಿಂಬಿಗೆ ಗವುಸು ತೊಡಿಸುತ್ತಿದ್ದಳು.

"ಇಸ್ತ್ರಿಯಕ್ಕಾ, ಒಂದು ಒಳ್ಳೆ ಸುದ್ದಿ" ಎಂದ. ಅವನ ಒಳ್ಳೆ ಸುದ್ದಿ ಯಾವತ್ತೂ ಬೇರೆ ಯಾರಿಗೋ ಒಳ್ಳೆಯದಾಗಿರುತ್ತಿತ್ತು. "ಹಲ್ಲಿನ ಡಾಕ್ಟರು ಮತ್ತೆ ಬರ್ತಿದ್ದಾರೆ, ಹೆಂಡ್ತಿ ಜೊತೆ. ಈ ಸಲ ವಜ್ರ ಆಗಿದ್ದಾರೆ."

"ಸಂತೋಷ ಸಾರ್. ಟೇಬಲ್ ಮೇಲೆ ಹೂವು ಇಟ್ಟು ಹೋಗ್ತೀನಿ."

"ಹೂವಲ್ಲ. ಅವರಿಗೆ ನೀವೇ ಬೇಕಂತೆ."

ಮತ್ತೆ ಮತ್ತೆ ಹಡಗು ಹತ್ತುವವರಿಗೆ ಕಂಪನಿ ಮೂರು ಅಂತಸ್ತು ಮಾಡಿತ್ತು. ಮೊದಲು ಬೆಳ್ಳಿ, ಆಮೇಲೆ ಚಿನ್ನ, ಎಲ್ಲಕ್ಕಿಂತ ಮೇಲೆ ವಜ್ರ. ವಜ್ರದವರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಅವರ ಕೋಣೆಗೆ ಹಣ್ಣಿನ ಬುಟ್ಟಿ ಬರುತ್ತದೆ, ಬಟ್ಟೆ ಪುಕ್ಕಟೆ ಒಗೆಯಲಾಗುತ್ತದೆ, ಕ್ಯಾಪ್ಟನ್ ಕೈಯಾರೆ ಅವರ ಎದೆಗೆ ಪದಕ ಚುಚ್ಚುತ್ತಾನೆ. ಈ ವರ್ಷ ಯಾವನೋ ಬುದ್ಧಿವಂತ ಎಸಿ ಕೋಣೆಯಲ್ಲಿ ಕೂತು ಇನ್ನೊಂದು ಸೇರಿಸಿದ್ದ: ವಜ್ರದವರು ಹಿಂದಿನ ಪ್ರಯಾಣದಲ್ಲಿ ಮೆಚ್ಚಿದ ಕೆಲಸದವರನ್ನು ಮತ್ತೆ ಕೇಳಿ ಪಡೆಯಬಹುದು. ಹಣ್ಣಿನ ಬುಟ್ಟಿಗೂ ಪುಕ್ಕಟೆ ಒಗೆತಕ್ಕೂ ನಡುವೆ ಒಂದು ಜೀವಂತ ಮನುಷ್ಯ.

"ಇವತ್ತು ನನ್ನ ಕರಾರು ಮುಗೀತು ಸಾರ್. ಸಂಜೆ ವಿಮಾನ ಇದೆ."

"ವಿಮಾನದ ಟಿಕೆಟ್ ರದ್ದು ಮಾಡಿಸಿದ್ದೀನಿ. ಅಗತ್ಯ ಬಿದ್ರೆ ಇನ್ನೊಂದು ಸುತ್ತು ಉಳಿಸಿಕೊಳ್ಳಬಹುದು ಅಂತ ಕರಾರಲ್ಲೇ ಇದೆ. ಮೂರು ವಾರ ತಾನೆ? ಕಣ್ಣು ಮುಚ್ಚಿ ಬಿಡೋದ್ರಲ್ಲಿ ಕಳೆದುಹೋಗುತ್ತೆ."

"ಮಗಳು ಹೆರ್ತಾಳೆ ಸಾರ್."

"ಹೆರಿಗೆ ಮಾಡಿಸೋಕೆ ಆಸ್ಪತ್ರೇಲಿ ಡಾಕ್ಟರಿದ್ದಾರಲ್ಲ" ಎಂದು ಹೇಳಿ, ಹೇಳಿದ್ದು ಸರಿಯಾಗಲಿಲ್ಲ ಅನ್ನಿಸಿಯೋ ಏನೋ, ಕೈಗಡಿಯಾರ ನೋಡಿಕೊಂಡು ಹೊರಟುಹೋದ.

ಇಸ್ತ್ರಿಯಕ್ಕನ ಮೈಯೆಲ್ಲ ಉರಿದುಹೋಯಿತು. ದಿಂಬನ್ನು ಎತ್ತಿ ಗೋಡೆಗೆ ಬೀಸಿದಳು. ಮತ್ತೆ ಮತ್ತೆ ಬಂದವರಿಗೆ ಬಹುಮಾನ ಕೊಡಬಾರದು ಎಂದು ಅವಳು ಯಾವತ್ತೂ ಅಂದವಳಲ್ಲ. ಕೊಡಲಿ. ಹಣ್ಣು ಕೊಡಲಿ, ಹೂವು ಕೊಡಲಿ, ಬೇಕಾದರೆ ಹಡಗಿನ ಹೊಗೆಕೊಳವೆ ಕಿತ್ತು ಕೊಡಲಿ. ಅದು ಕಂಪನಿಯ ಗಂಟು. ಇವಳು ಯಾವಾಗ ಕಂಪನಿಯ ಗಂಟಾದಳು? ಇನ್ನು ಹಿಂತಿರುಗಿ ಬರುವುದರ ಲೆಕ್ಕವಾದರೆ, ಈ ಹಡಗಿಗೆ ಅವಳಷ್ಟು ಸಲ ಹಿಂತಿರುಗಿದ ಪ್ರಯಾಣಿಕ ಒಬ್ಬನಿದ್ದರೆ ಕರೆತಂದು ನಿಲ್ಲಿಸಲಿ. ಅವಳಿಗೆ ಸಿಕ್ಕಿದ್ದು ಅದೇ ಮೇಲಿನ ಮಂಚ, ಅದೇ ಎಂಜಿನ್ನಿನ ಗುಡುಗು.

ಡಾಕ್ಟರ ಹೆಂಡತಿಯನ್ನೇ ಕೇಳಿಬಿಡೋಣ ಎಂದುಕೊಂಡಳು. ಆಕೆ ಕೆಟ್ಟವಳಲ್ಲ. ಬೇಡ ಎಂದು ಒಂದು ಮಾತು ಹೇಳಿದರೆ ಸಾಕು, ವಿಷಯ ಅಲ್ಲಿಗೆ ಮುಗಿಯುತ್ತದೆ.

ಮಧ್ಯಾಹ್ನ ಉಳಿದ ಪ್ರಯಾಣಿಕರು ಕೆಳಗೆ ಬಿಸಿಲಿನಲ್ಲಿ ಸಾಲು ನಿಂತಿರುವಾಗಲೇ ಗಂಡ ಹೆಂಡತಿ ಇಬ್ಬರೂ ಕೋಣೆ ಸೇರಿದ್ದರು. ಬಾಗಿಲು ತೆಗೆದ ಹೆಂಡತಿ ಇಸ್ತ್ರಿಯಕ್ಕನನ್ನು ತಬ್ಬಿಕೊಂಡೇಬಿಟ್ಟಳು.

"ಬಂದ್ಯಾ! ನೀನು ಸಿಗ್ತೀಯೋ ಇಲ್ವೋ ಅಂತ ಜೀವ ಕೈಲಿ ಹಿಡ್ಕೊಂಡು ಬಂದೆ."

ಡಾಕ್ಟರು ಬಾಲ್ಕನಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎರಡು ವರ್ಷದಿಂದ ಅವರಿಗೆ ನೆನಪು ಕೈಕೊಡುತ್ತಿತ್ತು. ಹೆಂಡತಿಯ ಗುರುತು ಒಮ್ಮೆ ಸಿಕ್ಕರೆ ಇನ್ನೊಮ್ಮೆ ಇಲ್ಲ. ಆದರೆ ಜೀವಮಾನವೆಲ್ಲ ಮಾಡಿದ ಕೆಲಸ ಮರೆತಿರಲಿಲ್ಲ. ಎದುರಿಗೆ ಬಂದವರ ಹಲ್ಲು ನೋಡದೆ ಅವರು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕಳೆದ ಪ್ರಯಾಣದಲ್ಲಿ ಇಸ್ತ್ರಿಯಕ್ಕ ದಿನಾ ಬೆಳಿಗ್ಗೆ ಅವರ ಮುಂದೆ ಮಂಡಿಯೂರಿ ಬಾಯಿ ಅಗಲಿಸುತ್ತಿದ್ದಳು. ಅವರು ಬಗ್ಗಿ ನೋಡಿ "ಪರವಾಗಿಲ್ಲ, ಚೆನ್ನಾಗಿ ಇಟ್ಕೊಂಡಿದ್ದೀರ" ಅನ್ನುತ್ತಿದ್ದರು. ಆಮೇಲೆ ಅವಳು ಕೊಟ್ಟ ಮಾತ್ರೆಯನ್ನು ತಕರಾರಿಲ್ಲದೆ ನುಂಗುತ್ತಿದ್ದರು.

"ಮನೇಲಿ ಮಾತ್ರೆ ಉಗೀತಾರೆ. ನೋಡ್ಕೊಳ್ಳೋಕೆ ಬಂದ ಹುಡುಗಿಯರೆಲ್ಲ ವಾರಕ್ಕೆ ಬಿಟ್ಟು ಹೋದ್ರು" ಎಂದು ಹೆಂಡತಿ ದನಿ ತಗ್ಗಿಸಿ ಹೇಳಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ನಿದ್ದೆ ಮಾಡಿ ಎಷ್ಟು ದಿನ ಆಯ್ತೋ. ನೀನೇ ಹೇಳಿದ್ಯಲ್ಲ, ಮತ್ತೆ ಬನ್ನಿ ಅಮ್ಮ, ನಾನೇ ಇರ್ತೀನಿ ಅಂತ."

ಹೇಳಿದ್ದಳು. ಹೊರಡುವವರೆಲ್ಲರಿಗೂ ಹೇಳುತ್ತಿದ್ದಳು. ಕೆಲಸಕ್ಕೆ ಸೇರಿದ ದಿನ ಹಾಸಿಗೆ ಹಾಸುವುದನ್ನೂ ಆ ಮಾತನ್ನೂ ಒಟ್ಟಿಗೇ ಕಲಿಸಿದ್ದರು. ಅದನ್ನು ಯಾರಾದರೂ ಗಂಟು ಹಾಕಿಟ್ಟುಕೊಂಡು ವಾಪಸ್ ತರುತ್ತಾರೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಅಮ್ಮಾ, ನಾನು ಇವತ್ತು ಮನೆಗೆ ಹೊರಟಿದ್ದೆ. ಮಗಳಿಗೆ ಮೊದಲ ಹೆರಿಗೆ. ನೀವು ಬೇಡ ಅಂದ್ರೆ ನನ್ನ ಬಿಟ್ಟುಬಿಡ್ತಾರೆ" ಎಂದಳು.

ಹೆಂಡತಿಯ ಮುಖ ಸಪ್ಪಗಾಯಿತು. ಗಂಡನ ಕಡೆ ನೋಡಿದಳು. "ಮೊದಲ ಹೆರಿಗೆ ಅಂದ್ರೆ ದಿನ ಹಿಂದೆ ಮುಂದೆ ಆಗೇ ಆಗುತ್ತೆ" ಎಂದಳು. "ಮೂರೇ ವಾರ. ಮಗುವಿಗೆ ಏನು ಬೇಕೋ ಎಲ್ಲ ನಾನೇ ಕೊಡಿಸ್ತೀನಿ."

"ಮಗುವಿಗೆ ಏನೂ ಬೇಡ ಅಮ್ಮಾ. ನಾನು ಹೋಗ್ಬೇಕು."

"ಇವರನ್ನ ಯಾರು ನೋಡ್ಕೊಳ್ತಾರೆ?"

"ನೀವು ಅವರ ಮುಂದೆ ಬಾಯಿ ತೆಗೆದ್ರೆ ಆಯ್ತಲ್ಲ. ನಾನು ಮಾಡ್ತಿದ್ದದ್ದೂ ಅಷ್ಟೇ."

"ಗೊತ್ತು ನಂಗೆ!" ಹೆಂಡತಿಯ ದನಿ ತಟ್ಟನೆ ಏರಿತು. "ಗೊತ್ತಿಲ್ಲ ಅಂದ್ಕೊಂಡ್ಯಾ? ನಲವತ್ತು ವರ್ಷ ಸಂಸಾರ ಮಾಡಿದ್ದೀನಿ. ಯಾರೋ ಹಾದಿಹೋಕಳ ಥರ ಇವರ ಮುಂದೆ ಬಾಯಿ ತೆಗೆದು ಕೂರ್ಬೇಕಾ? ಅದು ನನ್ನ ಕೈಲಿ ಆಗಲ್ಲ. ಎಷ್ಟು ಸಲ ಬಂದಿದ್ದೀವಿ ಈ ಹಡಗಿಗೆ! ಇಷ್ಟು ಕೇಳೋ ಹಕ್ಕೂ ಇಲ್ವಾ ನಮಗೆ?"

ಇಸ್ತ್ರಿಯಕ್ಕನಿಗೆ ಆಕೆಯ ಸಂಕಟ ಅರ್ಥವಾಗಲಿಲ್ಲವೆಂದಲ್ಲ. ಚೆನ್ನಾಗಿಯೇ ಅರ್ಥವಾಯಿತು, ಅದಕ್ಕೇ ಸಿಟ್ಟು ನೆತ್ತಿಗೇರಿತು. ಆಕೆಗೆ ತೆಗೆಯಲಾಗದ ಬಾಯಿಯನ್ನು ಇವಳು ತೆಗೆಯಬೇಕು, ಅತ್ತ ಮಗಳು ಒಬ್ಬಳೇ ಹಲ್ಲು ಕಚ್ಚಿ ಹೆರಬೇಕು. ಬಾಗಿಲೆಳೆದುಕೊಂಡು ಹೊರಗೆ ಬಂದಳು. ಇನ್ನು ಉಳಿದವನು ಕ್ಯಾಪ್ಟನ್ ಒಬ್ಬನೇ. ಹಡಗು ರಾತ್ರಿ ಹೊರಡುವ ಮುನ್ನ ಅವನು ವಜ್ರದವರ ಸ್ವಾಗತಕ್ಕೆ ಮೇಲಿನ ಸಭಾಂಗಣಕ್ಕೆ ಬರುತ್ತಾನೆ, ತನ್ನನ್ನೂ ಅಲ್ಲಿಗೆ ಕರೆದಿದ್ದಾರೆ. ಅಲ್ಲೇ ಕೇಳುವುದು ಎಂದು ನಿರ್ಧರಿಸಿ, ಸಮವಸ್ತ್ರ ಬದಲಿಸಿ ಮೆಟ್ಟಿಲು ಹತ್ತಿದಳು.

ಸಭಾಂಗಣದಲ್ಲಿ ದೀಪ, ಗಾಜಿನ ಲೋಟ, ಪಿಟೀಲು. ವಜ್ರದವರು ಹೊಳೆಯುವ ಪದಕ ಚುಚ್ಚಿಸಿಕೊಂಡು ಒಬ್ಬರಿಗೊಬ್ಬರು ತಾವು ಎಷ್ಟು ಹಡಗು ಕಂಡವರೆಂದು ಕೊಚ್ಚಿಕೊಳ್ಳುತ್ತಿದ್ದರು. ಡಾಕ್ಟರ ಹೆಸರು ಕೂಗಿದರು. ಹೆಂಡತಿ ಅವರ ತೋಳು ಹಿಡಿದು ವೇದಿಕೆಗೆ ಕರೆತಂದಳು. ಕ್ಯಾಪ್ಟನ್ ಪದಕ ಚುಚ್ಚಲು ಬಗ್ಗಿದಾಗ ಡಾಕ್ಟರು ಅವನ ಗಲ್ಲ ಹಿಡಿದು "ಬಾಯಿ ತೆಗೀರಿ" ಎಂದರು. ಸಭೆ ನಕ್ಕಿತು. ಕ್ಯಾಪ್ಟನ್ ನಕ್ಕನೇ ಹೊರತು ಬಾಯಿ ತೆಗೆಯಲಿಲ್ಲ.

"ಇವರಿಗೆ ನಮ್ಮ ವಿಶೇಷ ಉಡುಗೊರೆ!" ಎಂದು ಮೈಕಿನವನು ಇಸ್ತ್ರಿಯಕ್ಕನ ಭುಜ ಹಿಡಿದು ಮುಂದೆ ತಂದ. "ಇವರು ಕೇಳಿದ್ರು, ನಾವು ಕೊಟ್ವಿ! ಅಕ್ಕಾ, ಎರಡು ಮಾತು ಹೇಳಿ."

ಅವಳು ಕ್ಯಾಪ್ಟನ್ ಕಡೆಗೆ ತಿರುಗಿದಳು.

"ಸಾರ್, ನಾನು ಉಡುಗೊರೆ ಅಲ್ಲ. ನನಗೊಬ್ಬಳು ಮಗಳಿದ್ದಾಳೆ, ಈ ವಾರ ಹೆರ್ತಾಳೆ. ಅವಳು ಹುಟ್ಟಿದಾಗಿನಿಂದ ನನ್ನ ಕೇಳ್ತಾನೇ ಇದ್ದಾಳೆ, ಒಂದು ಸಲಾನೂ ಸಿಕ್ಕಿಲ್ಲ. ಹಡಗಿಗೆ ಮತ್ತೆ ಬಂದವರಿಗೆ ನನ್ನ ಕೊಡ್ತೀರಿ. ನನಗೋಸ್ಕರ ಕಾದವಳಿಗೆ ಏನು ಕೊಟ್ರಿ? ಇವತ್ತು ನನ್ನ ಕೆಲಸ ಮುಗೀತು. ನನ್ನ ಇಳಿಸಿ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಮೈಕಿನವನು ಸಿಕ್ಕಿದ್ದೇ ಸಾಕೆಂದು ಎರಡೂ ಕೈ ಎತ್ತಿ ಕುಣಿಸಿದ, ಸಭೆಯೆಲ್ಲ ಚಪ್ಪಾಳೆಯಿಂದ ತುಂಬಿಹೋಯಿತು. "ಎಂಥಾ ತಾಯಿ!" ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಕ್ಯಾಪ್ಟನ್ ಇಸ್ತ್ರಿಯಕ್ಕನ ಕೈ ಕುಲುಕಿ, "ನಾಳೆ ಬಂದು ನನ್ನ ನೋಡಿ, ಏನಾದರೂ ಮಾಡೋಣ" ಎಂದು ಮೆಲ್ಲಗೆ ಹೇಳಿದ. ನಾಳೆ ಹೊತ್ತಿಗೆ ಸುತ್ತಲೂ ನೀರು ಬಿಟ್ಟರೆ ಏನೂ ಇರುವುದಿಲ್ಲ ಎಂದು ಅವನಿಗೆ ಗೊತ್ತಿರದೆ ಮತ್ತೆ ಯಾರಿಗೆ ಗೊತ್ತಿರಬೇಕು? ಡಾಕ್ಟರ ಹೆಂಡತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ತಲೆ ತಗ್ಗಿಸಿ ಗಂಡನ ಅಂಗಿಯ ಗುಂಡಿ ಸರಿಮಾಡುತ್ತಿದ್ದಳು, ಬೇಡ ಎಂದೂ ಹೇಳಲಿಲ್ಲ.

ಬೈದಿದ್ದರೆ ಅವಳು ಸಹಿಸುತ್ತಿದ್ದಳೋ ಏನೋ. ಆ ಚಪ್ಪಾಳೆ ಸಹಿಸಲಾಗಲಿಲ್ಲ. ತನ್ನ ಹೊಟ್ಟೆಯ ಸಂಕಟವನ್ನೂ ಇವರು ಊಟಕ್ಕೆ ಮುಂಚಿನ ಮನರಂಜನೆ ಮಾಡಿಕೊಂಡರಲ್ಲ ಎಂದು ರಕ್ತ ಕುದಿಯಿತು. ವೇದಿಕೆ ಇಳಿದವಳು ನೇರ ಕೆಳಗೆ ಹೋಗಿ, ಸೂಟ್‌ಕೇಸ್ ಎಳೆದುಕೊಂಡು, ಸಿಬ್ಬಂದಿಯ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಕಚೇರಿಯ ಮುಂದೆ ನಿಂತಳು. ಸುದ್ದಿ ತಿಳಿದು ಸೂಪರ್‌ವೈಸರ್ ಏದುಸಿರು ಬಿಡುತ್ತ ಓಡಿಬಂದ.

"ತಲೆ ಕೆಟ್ಟಿದ್ಯಾ ನಿಮಗೆ? ಹೀಗೆ ಇಳಿದುಹೋದ್ರೆ ಈ ಕಂಪನಿಯ ಯಾವ ಹಡಗಿಗೂ ಮತ್ತೆ ಸೇರಿಸಲ್ಲ. ಊರಿಗೆ ಹೋಗೋ ದಾರಿನೂ ನೀವೇ ನೋಡ್ಕೋಬೇಕು. ಹತ್ತೊಂಬತ್ತು ವರ್ಷ ಅಕ್ಕಾ! ನೀರಿಗೆ ಹಾಕ್ತೀರಾ?"

"ನೀರಿಗೆ ಹಾಕಿ ಆಗಿದೆ ಕಣೋ. ಪಾಸ್‌ಪೋರ್ಟ್ ಕೊಡು" ಎಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನೂ ಬೆಚ್ಚಿದ, ಅವಳೂ ಬೆಚ್ಚಿದಳು. "ನಿನ್ನ ವಜ್ರಕ್ಕಿಷ್ಟು ಬೆಂಕಿ ಹಾಕ. ಕೊಡ್ತೀಯೋ, ಬಂದರಿನ ಪೊಲೀಸರನ್ನ ಕರೀಲೋ?"

ಒಳಗಿಂದ ತಂದು ಕೊಟ್ಟ.

ಬಂದರಿನ ಗೇಟಿನಾಚೆ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಸಿಮೆಂಟಿನ ಕಟ್ಟೆ ಇತ್ತು. ಅದರ ಮೇಲೆ ಕೂತಾಗ ನೆಲವೇ ಅಲುಗಾಡಿದ ಹಾಗಾಯಿತು. ಮುಂದಿನ ತಿಂಗಳು ಹೊಟ್ಟೆಪಾಡಿಗೆ ಏನು ಎಂಬ ಭಯ ಆಗ ಬಂದು ಪಕ್ಕದಲ್ಲಿ ಕೂತಿತು. ಸಿಟ್ಟು ಇನ್ನೂ ಆರಿರಲಿಲ್ಲ, ಭಯಕ್ಕೆ ಹೆಚ್ಚು ಜಾಗ ಸಿಗಲಿಲ್ಲ. ಮಗಳಿಗೆ ಫೋನ್ ಮಾಡಿದಳು.

"ಹೊರಟೆ ಕಣೆ. ಬಸ್ಸು, ರೈಲು ಹಿಡಿದು ಬರ್ಬೇಕು, ಎರಡು ಮೂರು ದಿನ ಆಗಬಹುದು."

"ಹೂಂ" ಎಂದಳು ಮಗಳು. "ಪಕ್ಕದ ಮನೆ ಆಂಟಿಗೆ ಹೇಳಿಟ್ಟಿದ್ದೀನಮ್ಮ, ಆಸ್ಪತ್ರೆಗೆ ಅವರೇ ಬರ್ತಾರೆ. ನೀನು ಬೇಜಾರು ಮಾಡ್ಕೋಬೇಡ."

"ಯಾಕೆ? ನಾನು ಬರ್ತಿದ್ದೀನಿ ಅಂದ್ನಲ್ಲ!"

"ಪ್ರತಿ ಸಲ ಅಂತೀಯ. ನಂಗೆ ಅಭ್ಯಾಸ ಆಗಿದೆ ಬಿಡು."

ಇಸ್ತ್ರಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಹಡಗು ಕೂಗಿತು. ಬಂದರು, ರಸ್ತೆ, ಕೂತ ಕಟ್ಟೆ ಎಲ್ಲ ಅದುರುವಂಥ ಉದ್ದನೆಯ ಕೂಗು.

"ಸುಳ್ಳು ಯಾಕಮ್ಮ ಹೇಳ್ತೀಯ?" ಎಂದಳು ಮಗಳು. "ಹಡಗಿನ ಕೂಗು ಇಲ್ಲೀತನಕ ಕೇಳಿಸ್ತು."

"ಅದು ಹೊರಟಿತು ಕಣೆ" ಎಂದಳು ತಾಯಿ. "ನಾನು ಅದರಲ್ಲಿಲ್ಲ."