ಬಾಣಂತಿ ಅಕ್ಕಿ

ಗಡಿ ಇನ್ನೂ ದೂರವಿತ್ತು. ಹೊಳೆ ದಾಟಬೇಕು, ಸಿರುಗುಪ್ಪ ದಾಟಬೇಕು, ಆಮೇಲೆ ಆಂಧ್ರ. ಆದರೆ ಪಡಿತರ ಅಕ್ಕಿ ಗಡಿಯಾಚೆ ಕದ್ದು ಹೋಗದಂತೆ ತಡೆಯುವ ತಾತ್ಕಾಲಿಕ ನಾಕಾವನ್ನು ಸಿಂಧನೂರು ಬಿಟ್ಟ ಕೂಡಲೇ ಕಾಲುವೆಯ ಮಗ್ಗುಲಲ್ಲಿ ಹಾಕಿದ್ದರು. ಅಲ್ಲಿ ಒಂದು ಹುಣಸೆ ಮರವಿತ್ತು, ಅದರ ನೆರಳಲ್ಲಿ ಜಮೀಲಾಬೀಯ ಚಹಾದಂಗಡಿಯಿತ್ತು. ನಾಕಾ ಅಲ್ಲೇ ಇರಲು ಬೇರೆ ಕಾರಣ ಯಾರಿಗೂ ಹೊಳೆದಿರಲಿಲ್ಲ.

ಎರಡು ಡ್ರಮ್ಮು, ಅವುಗಳ ಮೇಲೊಂದು ಬಿದಿರು, ಪಕ್ಕದಲ್ಲಿ ತಗಡಿನ ಶೆಡ್ಡು. ಹುಲಿಗೇಶ ದಿನಾ ಮಸ್ಕಿಯಿಂದ ಬಸ್ಸು ಹಿಡಿದು ಬಂದು ಆ ಶೆಡ್ಡಿನಲ್ಲಿ ಕೂರುತ್ತಿದ್ದ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ. ಕೆಲಸ ಗುತ್ತಿಗೆಯದು. ವಾಹನ ನಿಲ್ಲಿಸುವುದು ಹೋಂಗಾರ್ಡ್ ಅಂಬಪ್ಪ, ಚೀಲ ನೋಡಿ ಆಹಾರ ಇಲಾಖೆಯ ಸಾಹೇಬರಿಗೆ ಫೋನು ಮಾಡುವುದು ಹುಲಿಗೇಶ. ಇಬ್ಬರ ಪಾಲಿನ ಮಾತನ್ನೂ ಅಂಬಪ್ಪನೇ ಆಡುತ್ತಿದ್ದ.

"ಗಡಿಯಾಗಿನ ಕಳ್ಳತನ ನಿಲ್ಲಬೇಕಂದ್ರ ನಾಲ್ಕು ಮಂದೀನ ಹಿಡಿದು ಹೊಳ್ಯಾಗ ಎತ್ತಿ ಒಗೀಬೇಕು ನೋಡ್ರಿ," ಅಂದ ಅಂಬಪ್ಪ ಆ ದಿನವೂ, ಬೆಂಚಿನ ಮೇಲೆ ಕಾಲು ಚಾಚಿ. "ಸರ್ಕಾರಕ್ಕ ಧಮ್ ಇಲ್ಲ."

"ಅರೇ, ಹೊಳ್ಯಾಗ ನೀರೇ ಇಲ್ಲ, ಎಲ್ಲಿ ಒಗೀತಿ?" ಎಂದಳು ಜಮೀಲಾಬೀ ಚಹಾ ಸೋಸುತ್ತ. "ಸರ್ಕಾರ ಒಂದು ಕೈಲಿ ಅಕ್ಕಿ ಕೊಡ್ತದ, ಇನ್ನೊಂದು ಕೈಲಿ ಗ್ಯಾಸಿನ ರೇಟು ಏರಿಸ್ತದ. ಅಕ್ಕಿ ಮಾರಿ ಗ್ಯಾಸ್ ತರ್ತಾರ ಮಂದಿ. ಆ ಅಕ್ಕಿ ಹಿಡಿಯಾಕ ನಿನಗ ಪಗಾರ ಕೊಡ್ತದ. ಆ ಪಗಾರದಾಗ ನೀ ನನ್ನ ಚಹಾ ಕುಡೀತಿ. ಇದು ದೇಶ ನಡಿಸೋ ರೀತಿ ಏನು?"

"ಕೇಳ್ರಿ ಎಮ್ಮೇ ಸಾಹೇಬ್ರನ್ನ," ಎಂದ ಅಂಬಪ್ಪ ಹುಲಿಗೇಶನ ಕಡೆ ಕೈ ತೋರಿಸಿ. "ಅವ್ರು ಇದನ್ನೇ ಓದ್ಯಾರ."

"ಅವ್ನ ಬಾಯಿ ಬ್ಯಾಂಕ್ ಲಾಕರ್ ಇದ್ದಂಗ, ಬಿಡು."

ಹುಲಿಗೇಶ ನಕ್ಕು ಸುಮ್ಮನಾದ. ಅವನಿಗೂ ಅಭಿಪ್ರಾಯಗಳಿದ್ದವು. ಆದರೆ ಅವು ಬಾಯಿಗೆ ಬರುವ ಮೊದಲೇ ದಣಿದುಬಿಡುತ್ತಿದ್ದವು. ಮಾತಿನ ನಡುವೆ ಎಲ್ಲರೂ ಒಮ್ಮೆಗೇ ಸುಮ್ಮನಾಗುವ ಗಳಿಗೆ ಬರುತ್ತದಲ್ಲ, ಕಾಲುವೆಯ ನೀರಿನ ಸದ್ದು ಆಗಷ್ಟೇ ಕೇಳಿಸುತ್ತದಲ್ಲ, ಅದು ಅವನಿಗೆ ಇಷ್ಟ. ಸುಮ್ಮನಿರುವುದರಲ್ಲಿ ಒಂದು ಮರ್ಯಾದೆ ಇದೆ ಎಂದು ಅವನು ನಂಬಿಕೊಂಡಿದ್ದ.

ಬೆಳಿಗ್ಗೆ ಸಾಹೇಬರ ಫೋನು ಬಂದಿತ್ತು. "ಈ ತಿಂಗಳು ನಿಮ್ಮ ನಾಕಾದಿಂದ ಒಂದೂ ಕೇಸಿಲ್ಲ. ಮ್ಯಾಲಿನವ್ರು ಕೇಳಿದ್ರ ನಿನ್ನ ಗುತ್ತಿಗಿ ಯಾಕ ಮುಂದುವರಿಸಬೇಕಂತ ಹೇಳಲಿ?" ತಾಡಪಾಲು ಬಿಗಿದ ಲಾರಿಗಳು ಬಿಲ್ಲು ತೋರಿಸಿ ಹೋಗುತ್ತಿದ್ದವು. ಬಿಲ್ಲಿದ್ದರೆ ತಾಡಪಾಲು ಬಿಚ್ಚಬಾರದೆಂದು ಸಾಹೇಬರೇ ಹೇಳಿದ್ದರು. ಈ ಭಾನುವಾರ ಲಿಂಗಸುಗೂರಿನಿಂದ, ಅವನಿಗೆ ನೋಡಿದ್ದ ಹುಡುಗಿ ಮಹಾಲಕ್ಷ್ಮಿಯ ಮನೆಯವರು ಮದುವೆ ಮಾತುಕತೆಗೆ ಬರುವವರಿದ್ದರು. ಹುಡುಗಿಯ ತಂದೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನೌಕರಿ ಉಳಿತೈತಿ ಹೌದಲ್ಲೋ?" ಹುಲಿಗೇಶ ಹೂಂ ಅಂದಿದ್ದ.

ಮಧ್ಯಾಹ್ನ ಆಂಧ್ರದ ಆದವಾನಿಗೆ ಹೋಗುವ ಬಸ್ಸು ಬಂತು. ಅಂಬಪ್ಪ ಒಳಗೆ ಹತ್ತಿದವನು ಗೆದ್ದ ದನಿಯಲ್ಲಿ ಕೂಗಿದ, "ಸಿಕ್ತು, ಸರ!"

ಅವನ ಹಿಂದೆ ಒಂದು ಸೆಣಬಿನ ಚೀಲ ಇಳಿಯಿತು. ಮೈಮೇಲೆ ಪಡಿತರದ ನೀಲಿ ಮೊಹರು ಮಾಸಿತ್ತಾದರೂ ಓದಬಹುದಿತ್ತು. ಚೀಲದ ಹಿಂದೆ, ಅದರ ಕಿವಿ ಬಿಡದೆ ಹಿಡಿದುಕೊಂಡು, ಐವತ್ತು ದಾಟಿದ ಹೆಂಗಸೊಬ್ಬಳು ಇಳಿದಳು.

"ಬಿಡಲೇ ನನ್ನ ಚೀಲ! ಏನು ಹೆಣ ಹೊತ್ಕೊಂಡು ಹೊಂಟೀನೇನು?"

"ಹೆಸರೇನವ್ವ?" ಎಂದ ಹುಲಿಗೇಶ.

"ಗದ್ದೆಮ್ಮ. ಊರು ವಳಕಮದಿನ್ನಿ. ನನ್ನ ಮಗಳು ಅಮರೇಶ್ವರಿ ಆದವಾನ್ಯಾಗ ಹಡದಾಳ. ಮೊನ್ನಿ ಕಾಲುವಿ ನೀರು ಬಿಟ್ರು, ನಾಟಿ ಬಿಟ್ಟು ಹೋಗಾಕ ಆಗಲಿಲ್ಲ. ಬೀಗತಿ ಹೊಸ ಅಕ್ಕಿ ಅನ್ನ ಹಾಕಾಕತ್ಯಾಳಂತ. ಹಸಿ ಬಾಣಂತೀಗೆ ಹೊಸ ಅಕ್ಕಿ! ಕೂಸು ಹೊಟ್ಟಿ ನೋವಿಗೆ ಅಳಾಕತ್ತೈತಿ. ಮಗಳ ಮದುವಿ ಆದ ಸುಗ್ಗ್ಯಾಗ ಇದನ್ನ ತಗದಿಟ್ಟೀನಿ, ನಮ್ಮ ಗದ್ದಿದು. ಹಳೇ ಅಕ್ಕಿ."

"ಚೀಲ ಸರ್ಕಾರದ್ದು ಐತಲ್ಲ?" ಅಂದ ಅಂಬಪ್ಪ.

"ಪ್ಲಾಸ್ಟಿಕ್ ಚೀಲದಾಗ ಇಟ್ರ ಅಕ್ಕಿ ಬೆವರ್ತೈತಿ. ಸೆಣಬಿನ ಚೀಲ ಮತ್ತ್ಯಾರು ಕೊಡ್ತಾರ? ರೇಷನ್ ಅಂಗಡ್ಯಾಗ ಖಾಲಿ ಚೀಲ ಇಸ್ಕೊಂಡು ಊರಿಗೆ ಊರೇ ಅಕ್ಕಿ ಇಡ್ತೈತಿ. ನಿಮ್ಮವ್ವನ್ನ ಕೇಳು ಹೋಗು, ಆಕೀನೂ ಹಂಗೇ ಇಟ್ಟಿರ್ತಾಳ."

ಬಸ್ಸಿನಲ್ಲಿ ಯಾರೋ ನಕ್ಕರು. ಕಂಡಕ್ಟರ್ ಸೀಟಿ ಊದಿದ.

ಹುಲಿಗೇಶ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದ. ಸಣ್ಣಕ್ಕಿ, ಹಳದಿಗೆ ತಿರುಗಿದ್ದು. ಬೆರಳಿಗೆ ಒಣ ಬೇವಿನೆಲೆ ಸಿಕ್ಕಿ ಪುಡಿಯಾಯಿತು. ಆ ಕಹಿ ವಾಸನೆ ಅವನ ಮನೆಯ ಅಟ್ಟದ ವಾಸನೆಯೂ ಹೌದು. ಹುಳ ಬೀಳದಂತೆ ಅಕ್ಕಿಯ ಪದರಕ್ಕೊಂದು ಪದರ ಬೇವು ಹಾಸಿ ಇಟ್ಟದ್ದು. ಕದ್ದು ಮಾರುವವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

"ಮನಿ ಅಕ್ಕಿ ಇದು," ಅಂದ.

"ಈಗ ರೇಷನ್ ಅಕ್ಕೀನೂ ಮಿಲ್ಲಿನ್ಯಾಗ ಪಾಲಿಶ್ ಹೊಡೆದು ಹಿಂಗೇ ಮಾಡ್ತಾರ್ರಿ," ಎಂದು ಅಂಬಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಒಂದು ಕೇಸು ಬೇಕಾಗಿತ್ತು. ತಾನಾಗೇ ಬಂದೈತಿ. ಸುಮ್ಮ ಫೋನ್ ಹಚ್ರಿ."

ಹುಲಿಗೇಶ ಫೋನು ಹಚ್ಚಿದ. ಸಾಹೇಬರು ಪೂರ್ತಿ ಕೇಳಲಿಲ್ಲ. "ಚೀಲದ ಮ್ಯಾಲೆ ಮೊಹರು ಐತೋ ಇಲ್ಲೋ?"

"ಐತ್ರಿ."

"ಮತ್ತೇನು? ಜಪ್ತಿ ಮಾಡು."

ಎಲ್ಲರೂ ಸುಮ್ಮನಾದರು. ಕಂಡಕ್ಟರ್ ಕೂಡ. ಕಾಲುವೆಯ ನೀರಿನ ಸದ್ದು ಕೇಳಿತು. ಅವನಿಗೆ ಇಷ್ಟವಾದ ಗಳಿಗೆಯೇ ಅದು. ಆದರೆ ಗದ್ದೆಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಳು, ಅಲ್ಲಿಂದ ಏನೋ ಬೀಳಲಿದೆ ಎಂಬಂತೆ.

"ಜಮೀಲಾಬೀ," ಅಂದ ಹುಲಿಗೇಶ. "ನಿನ್ನ ಹತ್ರ ಚಾದರ ಐತೇನು?"

ಅವಳು ಪ್ರಶ್ನೆ ಕೇಳಲಿಲ್ಲ. ಬೆಂಚಿನ ಮೇಲಿನ ಚಾದರವನ್ನು ಝಾಡಿಸಿ ನೆಲಕ್ಕೆ ಹಾಸಿದಳು. ಹುಲಿಗೇಶ ಚೀಲ ಬಗ್ಗಿಸಿದ. ಅಕ್ಕಿ ಸುರಿಯಿತು, ಬೇವಿನೆಲೆಯೂ ಜೊತೆಗೆ. ಮೂವರೂ ಸೇರಿ ನಾಲ್ಕು ಮೂಲೆ ಎತ್ತಿ ಗಂಟು ಬಿಗಿದರು. ಅಂಬಪ್ಪ ಕೈ ಹಚ್ಚಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ನಿಂತ.

"ಮೊಹರು ಇದ್ದದ್ದು ಚೀಲಕ್ಕ," ಅಂದ ಹುಲಿಗೇಶ. "ಚೀಲ ಇಲ್ಲೇ ಇರ್ಲಿ. ನೀ ಹೋಗಬೇ."

"ಚೀಲ ಕೊಡಂಗಿಲ್ಲೇನು? ಚಲೋ ಚೀಲ ಅದು."

"ಏ ಹತ್ತಬೇ!" ಎಂದಳು ಜಮೀಲಾಬೀ. "ಈಗ ಚೀಲಕ್ಕ ಜಗಳ ತೆಗೀತಾಳ. ನನ್ನ ಚಾದರ ವಾಪಸ್ ಕಳಿಸು, ಕೂಸಿಗಿ ಹಾಸಿ ಬಿಟ್ಟಿ ಮತ್ತ!"

ಬಸ್ಸು ಹೋಯಿತು. ಹುಲಿಗೇಶ ಮತ್ತೆ ಫೋನು ಮಾಡಿದ.

"ಜಪ್ತಿ ಆಗೇತ್ರಿ."

"ಶಾಬಾಸ್. ತೂಕ?"

"ಖಾಲಿ ಚೀಲ್ರಿ. ಅದರಾಗ ಇದ್ದದ್ದು ಮನಿ ಅಕ್ಕಿ. ಬಾಣಂತೀಗೆ ಒಯ್ಯಾಕತ್ತಿದ್ರು. ಅದು ಕಳ್ಳತನ ಅಲ್ಲಂತ ನನಗ ಅನಸ್ತೈತ್ರಿ. ಕಳ್ಳತನ ಇದ್ರ ಅದು ಲಾರ್ಯಾಗ ಐತಿ."

"ನಿನಗೇನು ಅನಸ್ತೈತಿ ಅಂತ ಯಾರು ಕೇಳಿದ್ರು?" ಅಂದರು ಸಾಹೇಬರು. ಸಿಟ್ಟಿರಲಿಲ್ಲ, ದಣಿವಿತ್ತು. "ಒಂದನೇ ತಾರೀಕಿನಿಂದ ಬರಬ್ಯಾಡ. ಅಂಬಪ್ಪಗ ಫೋನ್ ಕೊಡು."

ಅಂಬಪ್ಪ ಆಚೆಯಿಂದ ಬಂದು ಫೋನು ತೆಗೆದುಕೊಂಡ. "ಇಲ್ರಿ ಸರ... ನಾ ಆ ಕಡೆ ಇದ್ದೆ ಸರ... ನಾ ಏನೂ ನೋಡಿಲ್ಲ ಸರ." ಫೋನು ವಾಪಸ್ಸು ಕೊಟ್ಟು ಬೆಂಚಿನ ಮೇಲೆ ಕೂತ. ಗಡಿಯ ಬಗ್ಗೆ, ಸರ್ಕಾರದ ಬಗ್ಗೆ ಅವನು ಮತ್ತೆ ಮಾತೆತ್ತಲಿಲ್ಲ. ತಲೆ ತಗ್ಗಿಸಿ ಬೂಟಿನ ಧೂಳು ನೋಡುತ್ತಿದ್ದ. ಹುಲಿಗೇಶ ಆ ಮೌನವನ್ನು ಬಹಳ ಹೊತ್ತು ನೋಡಿದ. ಅದರ ಗುರುತು ಅವನಿಗಿತ್ತು. ಇಷ್ಟು ದಿನ ಅದನ್ನು ಒಳಗಿನಿಂದಷ್ಟೇ ಕಂಡಿದ್ದ.

ಭಾನುವಾರ ಬರುವವರಿಗೆ ಏನು ಹೇಳುವುದೆಂದು ಯೋಚಿಸಿದ. ಕೇಳಿದರೆ ಇದ್ದದ್ದನ್ನೇ ಹೇಳುವುದು ಎಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ಹಗುರೇನೂ ಆಗಲಿಲ್ಲ.

ಜಮೀಲಾಬೀ ಚಹಾ ತಂದಿಟ್ಟು ಹೋದಳು. ಅವನು ಲೋಟ ಮುಟ್ಟುವುದರೊಳಗೆ ಹಾರನ್ ಕೇಳಿತು. ತಾಡಪಾಲು ಬಿಗಿದ ಲಾರಿ. ಡ್ರೈವರ್ ಕಿಟಕಿಯಿಂದ ಬಿಲ್ಲು ಚಾಚಿದ. ಬಿಲ್ಲಿನಲ್ಲಿ ಎಲ್ಲ ಸರಿಯಿತ್ತು. ಹುಲಿಗೇಶ ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಎದ್ದು ಹೋಗಿ, ಬಿದಿರನ್ನು ಎತ್ತಿ ಹಿಡಿದ.