ಬೇಲಿ ಪಕ್ಕದ ಸಾಲು

ಬೇಲಿ ಪಕ್ಕದ ಸಾಲಿನಲ್ಲಿ ಮೆಕ್ಕೆಜೋಳ ಮೊಳೆತ ದಿನ ಅಪ್ಪ ನನ್ನ ಜೊತೆ ಮಾತಾಡಿದ. ಅಮ್ಮ ಸತ್ತ ಮೇಲೆ, ಹತ್ತು ತಿಂಗಳಲ್ಲಿ, ಅದೇ ಮೊದಲು. ಅಲ್ಲಿಯವರೆಗೆ ಬೇಕಾದ್ದನ್ನೆಲ್ಲ ಅಂಗಳದ ಕೋಳಿಗೆ ಹೇಳುತ್ತಿದ್ದ, ನನಗೆ ಕೇಳಿಸುವಷ್ಟು ಜೋರಾಗಿ. "ಕನ್ನಡಕ ಎಲ್ಲಿಟ್ಟಿದ್ದಾರೋ ಏನೋ," ಅಂತ ಕೋಳಿಯನ್ನು ಕೇಳಿದರೆ ನಾನು ಕನ್ನಡಕ ತಂದು ಕಿಟಕಿಯಲ್ಲಿಡಬೇಕು. ಒಂದೇ ಮನೆ, ಇಬ್ಬರೇ ಇಬ್ಬರು, ನಡುವೆ ಒಂದು ಕೋಳಿ. ನಿಮಗೆ ನಗು ಬರಬಹುದು. ಹಾಗೆ ಹತ್ತು ತಿಂಗಳು ಇದ್ದು ನೋಡಿ, ಗೊತ್ತಾಗುತ್ತದೆ.

"ಒಂದು ಲೋಟ ಚಹಾ ಕೊಡ್ತೀಯೇನಮ್ಮ?" ಅಂದ ಅವತ್ತು. ನನ್ನನ್ನೇ ನೋಡಿ ಅಂದ.

ಅವನು ಮಾತು ಬಿಟ್ಟಿದ್ದು ಯಾಕೆಂದು ಮುಚ್ಚಿಡುವುದಿಲ್ಲ, ತಪ್ಪು ನನ್ನದೇ. ಮೊದಲೆಲ್ಲ ನಮ್ಮಲ್ಲಿ ಬಿತ್ತನೆ ಅಂದರೆ ಅಪ್ಪ ಎತ್ತು ಕಟ್ಟಿ ಮುಂದೆ ನೇಗಿಲು ಹೊಡೆಯುವುದು, ಹಿಂದೆ ಅಮ್ಮ ಸಾಲಿಗೆ ಒಂದೊಂದೇ ಕಾಳು ಹಾಕುತ್ತ ಬರುವುದು. ಅಮ್ಮನ ಎಡ ಮಂಡಿ ಕೆಟ್ಟಿತ್ತು. ಏಳು ಕಾಳು ಹಾಕುವಷ್ಟರಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು, ಆಮೇಲೆ ಎತ್ತಿನ ಹಿಂದೆ ದಾಪುಗಾಲು ಹಾಕಬೇಕು. ಆ ಗಡಿಬಿಡಿಯಲ್ಲಿ ಒಂದು ಕಾಳಿನ ಜಾಗ ಹಾಗೇ ಉಳಿಯುತ್ತಿತ್ತು. ಬೆಳೆ ಎದ್ದಾಗ ನೋಡಿದರೆ ಏಳು ಗಿಡ, ಒಂದು ಖಾಲಿ. ಮತ್ತೆ ಏಳು ಗಿಡ, ಒಂದು ಖಾಲಿ. ಅಪ್ಪ ಆ ಖಾಲಿ ಜಾಗ ತೋರಿಸಿ, "ಇಲ್ಲಿ ನಿಮ್ಮಮ್ಮ ಉಸಿರಾಡಿದ್ಲು," ಅಂತ ಅವಳನ್ನು ರೇಗಿಸುತ್ತಿದ್ದ.

ನಾನು ಟ್ರ್ಯಾಕ್ಟರ್ ಕಲಿತವಳು. ಬಿತ್ತನೆ ಮಷಿನ್ ಮನೆಗೆ ತಂದ ದಿನ ನೋಡಿದರೆ ಇವರಿಬ್ಬರೂ ಆಗಲೇ ಬೇಲಿ ಪಕ್ಕದ ಸಾಲು ಹಿಡಿದು ಹೊರಟಿದ್ದರು. ಮಷಿನ್ ಬರುತ್ತದೆಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು. ನನ್ನ ನಾಲಿಗೆಯೋ, ಒಮ್ಮೆ ಹೊರಟರೆ ಹಿಡಿತವಿಲ್ಲ.

"ಏಳಕ್ಕೆ ಒಂದು ಹಾಳು ಮಾಡ್ತೀಯಲ್ಲಮ್ಮ, ಈ ಕಾಲು ಇಟ್ಕೊಂಡು ಹೊಲಕ್ಕೆ ಯಾಕೆ ಬರ್ತೀಯ? ಮನೇಲಿ ಕೂತ್ಕೋ," ಅಂದೆ.

ಅಮ್ಮ ಮಡಿಲಲ್ಲಿದ್ದ ಕಾಳನ್ನು ಮಷಿನ್ನಿನ ಡಬ್ಬಕ್ಕೆ ಸುರಿದಳು, ಸೆರಗು ಕೊಡವಿದಳು, ಹೊರಟುಹೋದಳು. ಹೇಳಿದ ಹಾಗೆಯೇ ಮನೆಯಲ್ಲಿ ಕೂತಳು. ಎರಡು ತಿಂಗಳು ಕೂತೇ ಇದ್ದು, ಒಂದು ದಿನ ಮಲಗಿದವಳು ಏಳಲಿಲ್ಲ. ಡಾಕ್ಟರು ಹೃದಯದ ತೊಂದರೆ ಅಂದರು. ಅಪ್ಪ ಏನೂ ಅನ್ನಲಿಲ್ಲ, ಆ ವಾರ ಕೋಳಿಗೂ ಏನೂ ಅನ್ನಲಿಲ್ಲ.

ಮರುವರ್ಷ ಇಡೀ ಹೊಲ ನಾನೊಬ್ಬಳೇ ಬಿತ್ತಿದೆ. ಮಷಿನ್ ಒಂದೇ ಸಲಕ್ಕೆ ನಾಲ್ಕು ಸಾಲು ಬಿತ್ತುತ್ತದೆ, ಬಿದ್ದ ಕಾಳಿನ ಲೆಕ್ಕ ಸ್ಕ್ರೀನಿನಲ್ಲಿ ಕಾಣುತ್ತದೆ. ಒಂದು ಕಾಳೂ ತಪ್ಪಿರಲಿಲ್ಲ. ವಾರ ಕಳೆದು ಮೊಳಕೆ ಎದ್ದಾಗ ಹೊಲವೆಲ್ಲ ದಾರ ಹಿಡಿದು ನೆಟ್ಟ ಹಾಗಿತ್ತು. ಬೇಲಿ ಪಕ್ಕದ ಸಾಲು ಮಾತ್ರ ಏಳು ಗಿಡ, ಒಂದು ಖಾಲಿ. ಎಣಿಸಿದೆ. ಮೂವತ್ತೊಂದು ಕಡೆ.

ಅದನ್ನು ನೋಡಿ ಬಂದ ಮೇಲೆಯೇ ಅಪ್ಪ ಚಹಾ ಕೇಳಿದ್ದು.

ರಿಪೇರಿಯವನನ್ನು ಕರೆಸಿದೆ. ಎಲ್ಲರೂ ಅವನನ್ನು ಸ್ಪಾನರ್ ಅಂತಲೇ ಕರೆಯುವುದು. ಅವನು ಮಷಿನ್ನಿನಲ್ಲಿ ಕಾಳು ಬೀಳಿಸುವ ನಾಲ್ಕು ಪ್ಲೇಟನ್ನೂ ಬಿಚ್ಚಿ, ತೂತುಗಳಿಗೆ ಕಣ್ಣಿಟ್ಟು ನೋಡಿದ.

"ಪ್ಲೇಟ್ ಕೆಟ್ಟಿದ್ರೆ ಹೊಲದ ತುಂಬ ನಾಲ್ಕಕ್ಕೊಂದು ಸಾಲು ಹಿಂಗಾಗ್ಬೇಕಿತ್ತು ತಂಗಿ. ಒಂದೇ ಸಾಲು ಅಂದ್ರೆ ಮಷಿನ್ ಅಲ್ಲ. ಇಲಿ ಇರ್ಬೇಕು."

"ಏಳರವರೆಗೆ ಎಣಿಸೋಕೆ ಬರೋ ಇಲಿನಾ?"

ಅವನು ಬೇಲಿ ಪಕ್ಕಕ್ಕೆ ಹೋಗಿ ಬಗ್ಗಿದ. ಖಾಲಿ ಜಾಗದ ಮಣ್ಣು ಮುಟ್ಟಿ ನೋಡಿದ. ಅಲ್ಲೆಲ್ಲ ನೆಲ ಸ್ವಲ್ಪ ತಗ್ಗಾಗಿತ್ತು, ಯಾರೋ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತ ಹಾಗೆ. ಚಹಾ ಅರ್ಧಕ್ಕೇ ಬಿಟ್ಟು ಸಾಮಾನು ಕಟ್ಟಿಕೊಂಡ.

ಮೂವತ್ತೊಂದು ಕಡೆಯೂ ನನ್ನ ಕೈಯಾರೆ ಹೊಸ ಕಾಳು ಊರಿದೆ. ಒಂದೂ ಮೊಳೆಯಲಿಲ್ಲ. ಅಗೆದು ನೋಡಿದರೆ ಕಾಳೇ ಇಲ್ಲ. ಆಗ ನನಗೆ ತಟ್ಟನೆ ಹೊಳೆಯಿತು. ಕಾಳು ಎಷ್ಟು ಆಳದಲ್ಲಿದೆ, ಯಾವಾಗ ತೆಗೆದರೆ ಗುರುತು ಉಳಿಯುವುದಿಲ್ಲ, ಇದೆಲ್ಲ ಗೊತ್ತಿರುವವನು ಮನೆಯಲ್ಲೇ ಇದ್ದ. ನನ್ನ ಹೊಟ್ಟೆ ಉರಿಸಲು ಹೀಗೆ ಮಾಡುತ್ತಿದ್ದಾನೆ ಅಂದುಕೊಂಡೆ. ಆದರೂ ಕೇಳಲು ಭಯ. ಈಗ ತಾನೇ ಮಾತು ಶುರುವಾಗಿದೆ, ಮತ್ತೆ ನಿಂತರೆ? ಇನ್ನೊಂದು ಸಲ ಆ ಮೌನ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಹಲ್ಲು ಕಚ್ಚಿ ಇಪ್ಪತ್ತು ದಿನ ಸುಮ್ಮನಿದ್ದೆ. ನನ್ನಂಥವಳಿಗೆ ಅದೇ ದೊಡ್ಡದು.

ಒಂದು ಮಧ್ಯಾಹ್ನ ಅಪ್ಪ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದ. ಬೆಳೆ ಮೊಣಕಾಲೆತ್ತರ ಬಂದಿತ್ತು. ಹೋಗಿ ಎದುರು ನಿಂತೆ.

"ಅಪ್ಪ, ಸಾಕು. ಸಿಟ್ಟಿದ್ರೆ ನನ್ ಮೇಲೆ ತೀರಿಸ್ಕೋ, ಬೆಳೆ ಮೇಲೆ ಬೇಡ."

"ಯಾವ ಸಿಟ್ಟು?"

"ಬೇಲಿ ಪಕ್ಕದ ಸಾಲಲ್ಲಿ ಕಾಳು ತೆಗೀತಿರೋದು ನೀನೇ ತಾನೆ?"

ಅಪ್ಪ ಸೊಂಟ ನೋವಿಗೆಂದು ಡಾಕ್ಟರು ಕೊಟ್ಟಿದ್ದ ಬೆಲ್ಟ್ ಮುಟ್ಟಿಕೊಂಡ. "ಚಪ್ಪಲಿ ಬಿದ್ರೆ ಎತ್ಕೊಳ್ಳೋಕೆ ಆಗಲ್ಲ ನಂಗೆ. ಅಷ್ಟು ಕಡೆ ಬಗ್ಗೋದು ಯಾರು?" ಅಂದವನು ಕುಡುಗೋಲು ಕೆಳಗಿಟ್ಟ. ಮುಖ ಬದಲಾಯಿತು. "ನೀನೇ ತೆಗೀತಿದ್ದೀಯ ಅಂದ್ಕೊಂಡಿದ್ದೆ ನಾನು. ಅವಳಿಗೆ ಹಂಗೆ ಅಂದುಬಿಟ್ಟೆ ಅಂತ ಒಳಗೊಳಗೇ ಬೆಂದು, ಅವಳ ಜಾಗ ಅವಳಿಗೆ ಬಿಡ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ನಿನ್ನ ಹತ್ರ ಮಾತಾಡಿದ್ದು. ನೀನಲ್ವಾ?"

ಶೆಡ್ಡಿನ ಬಾಗಿಲಿನಿಂದ ಆ ಸಾಲು ಪೂರ್ತಿ ಕಾಣುತ್ತಿತ್ತು. ಗಾಳಿ ಇರಲಿಲ್ಲ, ಉಳಿದ ಹೊಲವೆಲ್ಲ ಬಿಸಿಲಿಗೆ ಮಿಸುಕಾಡದೆ ನಿಂತಿತ್ತು. ಬೇಲಿ ಪಕ್ಕ ಮಾತ್ರ ಒಂದು ಗಿಡ ಅಲುಗಿತು, ಆಮೇಲೆ ಅದರ ಮುಂದಿನದು, ಆಮೇಲೆ ಅದರ ಮುಂದಿನದು. ಏಳು ಗಿಡ ಆದ ಮೇಲೆ ಅಲುಗಾಟ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಮತ್ತೆ ಹೊರಟಿತು. ಅಪ್ಪ ಅತ್ತ ಬೆನ್ನು ಮಾಡಿ ಕೂತಿದ್ದ, ಅವನಿಗೆ ಕಾಣಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದ.

ನಿಜ ಹೇಳಿದರೆ ಅವನು ಕೋಳಿಯ ಹತ್ತಿರ ವಾಪಸ್ ಹೋಗುತ್ತಿದ್ದ.

"ನಾನೇ ಅಪ್ಪ," ಅಂದೆ.

ಮೂರನೆಯ ಗಿಡದ ಹತ್ತಿರ ಅಲುಗಾಟ ನಿಂತಿತು. ಕಾದೆ. ಮತ್ತೆ ಹೊರಡಲಿಲ್ಲ.

ಅಪ್ಪ ಗೋಡೆ ಹಿಡಿದು ಎದ್ದು ನನ್ನ ತಲೆ ಸವರಿದ. "ಹೋಗ್ಲಿ ಬಿಡು ಕಣಮ್ಮ, ಅವಳೂ ಮರೆತಿರ್ತಾಳೆ," ಅಂದ. ನಾನು ಅತ್ತೆ. ಅವನಿಗೆ ಅದು ಪಶ್ಚಾತ್ತಾಪದ ಅಳುವಾಗಿ ಕಂಡಿರಬೇಕು. ಅರ್ಧ ಅದೇ ಇತ್ತು, ಉಳಿದರ್ಧ ಭಯ.

ಈ ವರ್ಷ ಬೇಲಿ ಪಕ್ಕದ ಸಾಲು ಒಂದೂ ತಪ್ಪದೆ ಮೊಳೆತಿದೆ. ಉಳಿದೆಲ್ಲ ಸಾಲಿನ ಹಾಗೆಯೇ ಇದೆ, ಮಣ್ಣಿನಲ್ಲಿ ಎಲ್ಲೂ ತಗ್ಗಿಲ್ಲ. ಬೆಳಿಗ್ಗೆ ಅಪ್ಪ ಬೇಲಿ ಹಿಡಿದು ಈ ತುದಿಯಿಂದ ಆ ತುದಿಗೆ ಹೋಗಿ ಬಂದ. ನನ್ನನ್ನು ನೋಡಿದ.

"ಈ ಸಲ ಮರೆತೆಯೇನಮ್ಮ?"

"ಕೆಲಸ ಜಾಸ್ತಿ ಇತ್ತಪ್ಪ, ಮರೆತೆ," ಅಂದು ನೆಲಕ್ಕೆ ಮೊಣಕಾಲೂರಿದೆ. ಏಳು ಎಣಿಸಿ ಎಂಟನೆಯ ಸಸಿ ಕಿತ್ತೆ. ಸಲೀಸಾಗಿ ಬಂತು. ಅಷ್ಟು ದೊಡ್ಡ ಹೊಲದಲ್ಲಿ ಅಮ್ಮ ತನಗೆಂದು ಒಂದೇ ಒಂದು ಸಾಲು ಇಟ್ಟುಕೊಂಡಿದ್ದಳು. ಅದನ್ನೂ ನನ್ನದು ಅಂದುಬಿಟ್ಟೆ, ಅವಳು ಬಿಟ್ಟು ಹೋದಳು. ಎರಡು ಸಲವೂ ಅವಳನ್ನು ಹೊಲದಿಂದ ಹೊರಗೆ ಕಳಿಸಿದ್ದು ನನ್ನ ಈ ಬಾಯಿಯೇ.

ಅಪ್ಪ ಬೇಲಿಯ ಆಚೆ ನನ್ನ ಜೊತೆಜೊತೆಗೇ ಹೆಜ್ಜೆ ಹಾಕುತ್ತಿದ್ದ. ತುಂಬ ದಿನಗಳ ಮೇಲೆ ಅವನ ಮುಖದಲ್ಲಿ ನಗು ಇತ್ತು.

"ನಿಧಾನಕ್ಕೆ ಕೀಳಮ್ಮ, ಇನ್ನೂ ಮೂವತ್ತಿದೆ," ಅಂದ.