ಬಲಗಿವಿಯ ಗುರುತು

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಉಜ್ಜಿನಿಯ ಹೊಲಗಳಲ್ಲಿ ಜೋಳ ಸೊಂಟದೆತ್ತರ ನಿಂತಿತ್ತು. ಊರ ಹೊರಗಿನ ಹಟ್ಟಿಯಲ್ಲಿ ಬೆಳಗಿನಿಂದ ಕತ್ತರಿಯ ಸದ್ದು. ಹಿಂದಿನ ದಿನ ಹಳ್ಳದಲ್ಲಿ ಮೈ ತೊಳೆಸಿದ ಕುರಿಗಳನ್ನು ಒಂದೊಂದಾಗಿ ಎಳೆತಂದು, ಕಾಲು ಕಟ್ಟಿ ಕೆಡವಿ, ಉಚ್ಚಂಗೆಪ್ಪ ಉಣ್ಣೆ ಕತ್ತರಿಸುತ್ತಿದ್ದ. ಅವನ ಅತ್ತಿಗೆ ಈರಕ್ಕ ಕುರಿಯ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ಅರ್ಧ ಹಿಂಡು ಈರಕ್ಕನ ಮಗಳು ಮಾಳಮ್ಮನ ಜೊತೆ ಮೇವಿಗೆ ಹೋಗಿತ್ತು. ಮುಳ್ಳುಬೇಲಿಯ ರೊಪ್ಪದೊಳಗೆ ಉಳಿದ ಮರಿಗಳು ಬೆಳಗಿನಿಂದಲೂ ಬಾಯಿ ಮುಚ್ಚಿರಲಿಲ್ಲ.

ಬೇವಿನ ನೆರಳಲ್ಲಿ ತಗಡಿನ ಪೆಟ್ಟಿಗೆಯ ಮೇಲೆ ರಾಜಾಸಾಬ್ ಕೂತಿದ್ದ. ಕೊಟ್ಟೂರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಸ್ಟಾಕ್‌ಮನ್. ಈ ಹಟ್ಟಿಗೆ ಹೊಸಬನಲ್ಲ. ಉಚ್ಚಂಗೆಪ್ಪನ ಕೈಯಲ್ಲಿದ್ದ ಕತ್ತರಿಗೆ ಸಾಣೆ ಹಿಡಿದವನು ಅವನ ಅಪ್ಪ ಮುರ್ತುಜಾಸಾಬನೇ. ಪೆಟ್ಟಿಗೆಯಲ್ಲಿ ನಂಬರು ಕೊರೆದ ಅಲ್ಯುಮಿನಿಯಂ ಬಿಲ್ಲೆಗಳು, ಅವನ್ನು ಕಿವಿಗೆ ಚುಚ್ಚುವ ಇಕ್ಕಳ, ಉದ್ದನೆಯ ರಿಜಿಸ್ಟರು. ರಿಜಿಸ್ಟರಿನ ಮೊದಲ ಪುಟದಲ್ಲಿ ಅವನೇ ಕೆಂಪು ಮಸಿಯಲ್ಲಿ ಗೆರೆ ಎಳೆದು ಬರೆದ ಯೋಜನೆಯಿತ್ತು: ಒಂದನೇ ಹಂತ ಉಜ್ಜಿನಿ, ಎರಡನೇ ಹಂತ ಇಟ್ಟಿಗಿ, ಮೂರನೇ ಹಂತ ಚಿಗಟೇರಿ. ಬೇಸಗೆಯೊಳಗೆ ಮೂರೂರ ಕುರಿಗಳೆಲ್ಲ ಪುಸ್ತಕಕ್ಕೆ ಬರಬೇಕು. ಕೂಡ್ಲಿಗಿಯ ಡಾಕ್ಟರು ಪಂಚಾಕ್ಷರಪ್ಪ ಆ ಪುಟ ನೋಡಿ ಅವನ ಬೆನ್ನು ತಟ್ಟಿದ್ದರು.

ಮಧ್ಯಾಹ್ನದೊಳಗೆ ಇಪ್ಪತ್ತಾರು ಕುರಿಗಳ ಬಲಗಿವಿಗೆ ಬಿಲ್ಲೆ ಬಿತ್ತು. ನಂಬರು, ಬಣ್ಣ, ಹಲ್ಲು, ತಂದೆ, ಮಾಲೀಕರು ಎಂದು ರಾಜಾಸಾಬ್ ಒಂದೊಂದೇ ಕಾಲಂ ಕೇಳುತ್ತಿದ್ದ. ತಂದೆ ಎಂದಾಗ ಉಚ್ಚಂಗೆಪ್ಪ ತಲೆ ಎತ್ತದೆ, ಹಿಂಡಿನ ಟಗರೊಂದರ ಹೆಸರು ಹಿಡಿದು, "ಕೆಂಚ ಅಂತ ಬರಕೊ" ಅನ್ನುತ್ತಿದ್ದ.

ಇಪ್ಪತ್ತೇಳನೆಯದು ಕರಿಮೂತಿಯ ಕುರಿ. ಇಕ್ಕಳ ಹತ್ತಿರ ಬರುತ್ತಲೇ ಈರಕ್ಕ ಅದರ ಬಲಗಿವಿಯನ್ನು ಅಂಗೈಯಲ್ಲಿ ಮುಚ್ಚಿದಳು.

"ಇದು ನಂದು."

"ನಿಂದ ಅಕ್ಕಾ, ಯಾರ್ ಇಲ್ಲ ಅಂದ್ರು? ಕೈ ತಗಿ."

"ನಂದಾದ್ರ ಯಾರ ಹೆಸರ್ಲೆ ಬರೀತೀಯಪ?"

ರಾಜಾಸಾಬ್ ಉಚ್ಚಂಗೆಪ್ಪನತ್ತ ನೋಡಿದ. "ರೇಷನ್ ಕಾರ್ಡಿನ್ಯಾಗ ಮನಿ ಯಜಮಾನ ಯಾರದಾರ, ಅವ್ರ ಹೆಸರ ಬರೀಬೇಕು ಅಂತ ಐತಿ."

"ಮನಿ ಒಂದ ಐತಿ, ಹೆಸರೂ ಒಂದ ಇರ್ಲಿ ಬಿಡು ಅತ್ತಿಗಿ," ಎಂದ ಉಚ್ಚಂಗೆಪ್ಪ. "ನೂರು ಕುರಿ ಬರಸಿದ ಮನಿಗೆ ಸರಕಾರದ ಜಾತಿ ಟಗರು ಪುಕ್ಕಟೆ ಕೊಡ್ತಾರಂತ. ನಂದು ಅರವತ್ಮೂರು, ನಿಂದು ಮೂವತ್ತೆಂಟು. ಲೆಕ್ಕ ಸರಿ ಆಕ್ಕೈತಿ."

"ಮನಿ ಒಂದ ಐತಿ. ಕಿವಿ ಎರಡು ಅದಾವು."

ಕುರಿ ಕಾಯುವವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ ಅದು. ಉಚ್ಚಂಗೆಪ್ಪನ ಮನೆಯ ಕುರಿಗೆ ಎಡಗಿವಿಯ ತುದಿ ಕತ್ತರಿಸಿರುತ್ತದೆ. ಈರಕ್ಕನ ತವರು ಚಿಗಟೇರಿ. ಅವರ ಕುರಿಗೆ ಬಲಗಿವಿಯ ಅಂಚಿನಲ್ಲಿ ಎರಡು ಕಚ್ಚು. ಮದುವೆಯಲ್ಲಿ ಅಪ್ಪ ಕೊಟ್ಟ ಎಂಟು ಕುರಿ ಹೊಡೆದುಕೊಂಡು ಅವಳು ಈ ಹಟ್ಟಿಗೆ ಬಂದಿದ್ದಳು. ಅವುಗಳ ಹೊಟ್ಟೆಯಲ್ಲಿ ಹುಟ್ಟಿದ್ದೆಲ್ಲ ಅವಳದು; ಮರಿ ಬಿದ್ದ ತಿಂಗಳೊಳಗೆ ಅವಳೇ ಕಚ್ಚು ಹಾಕುತ್ತಿದ್ದಳು. ಗಂಡ ತೀರಿಹೋದ ಮೇಲೂ ಆ ಗುರುತನ್ನು ಯಾರೂ ಮುಟ್ಟಿರಲಿಲ್ಲ. ಬರುವ ಮಾಘದಲ್ಲಿ ಮಾಳಮ್ಮನ ಮದುವೆ, ಇಟ್ಟಿಗಿಗೆ. ಅವಳ ಹಿಂದೆ ಹನ್ನೆರಡು ಕುರಿ ಹೋಗಬೇಕು. ಪುಸ್ತಕದಲ್ಲಿ ಅವು ಉಚ್ಚಂಗೆಪ್ಪನವಾದರೆ, ಕೊಡುವ ಕೈಯೂ ಉಚ್ಚಂಗೆಪ್ಪನದೇ ಆಗುತ್ತದೆ.

"ನಾ ಏನ್ ಮಾಡ್ಲಿ ಅಕ್ಕಾ, ಫಾರಂ ಹಂಗ ಐತಿ," ಎಂದ ರಾಜಾಸಾಬ್.

"ಏನೈತಿ ನಿನ್ನ ಫಾರಂನ್ಯಾಗ? ಓದು."

ಅವನು ಇಪ್ಪತ್ತಾರನ್ನೂ ಓದಿದ. ಈರಕ್ಕ ಕೇಳುತ್ತಾ ಕೇಳುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ನಗು ಹೊರಗೆ ಬಂತು.

"ಎಲ್ಲಾಕೂ ಕೆಂಚನ ಅಪ್ಪನಾ? ಏ ರಾಜಾ, ಕೆಂಚನ್ನ ತಂದಿದ್ದು ಹೋದ ವರ್ಷ. ಈಗ ಎರಡು ಹಲ್ಲು ಹಚ್ಯಾನ. ನೀನು ಬರಕೊಂಡ ಕುರಿ ಬಾಯಿ ತಗದು ನೋಡು, ಎಂಟೆಂಟು ಹಲ್ಲಿನ ಮುದುಕೇರು. ಅಜ್ಜಿಗೆ ಮೊಮ್ಮಗನ್ನ ಅಪ್ಪ ಮಾಡೀಯಲ್ಲೋ!"

ರಾಜಾಸಾಬನ ಕಿವಿ ಕೆಂಪಾಯಿತು. ಹಲ್ಲಿನ ಕಾಲಂ ಅವನೇ ತುಂಬಿದ್ದು. ಪಕ್ಕದ ಕಾಲಮ್ಮಿನೊಂದಿಗೆ ತಾಳೆ ನೋಡಿರಲಿಲ್ಲ. ಉಚ್ಚಂಗೆಪ್ಪ ಕತ್ತರಿಯ ಬಾಯಿಗೆ ಎಣ್ಣೆ ಸವರುತ್ತಾ, "ಕೇಳ್ತಾನಲ್ಲ, ಏನರ ಹೇಳ್ಬೇಕಲ್ಲ" ಎಂದು ಗೊಣಗಿದ.

"ಹಿಂಡಿನ್ಯಾಗ ಐದು ಟಗರು ಅದಾವು. ಯಾವುದು ಯಾವುದರ ಬೆನ್ನು ಹತ್ತಿತು ಅಂತ ನಾ ಲಾಟೀನು ಹಿಡಕೊಂಡು ನಿಂತಿದ್ನೇನು? ತಾಯಿ ಯಾರು ಅಂತ ಕೇಳು. ನಮ್ಮಜ್ಜಿ ಕಾಲದ್ದು ಹೇಳ್ತೀನಿ. ಅದನ್ನ ಕೇಳಂಗಿಲ್ಲ ನಿನ್ನ ಪುಸ್ತಕ."

ಫಾರಂ ಸರ್ಕಾರಿ ಕುರಿ ಸಾಕಣೆ ಕೇಂದ್ರದಿಂದ ಬಂದದ್ದು. ಅಲ್ಲಿ ಒಂದೊಂದು ಟಗರಿಗೆ ಒಂದೊಂದು ಕೋಣೆ, ಯಾವ ಮರಿಗೆ ಯಾವ ಅಪ್ಪ ಎಂಬುದು ಗೊತ್ತಿರುತ್ತದೆ. ತಾಯಿಯ ಕಾಲಂ ಅದರಲ್ಲಿ ನಿಜವಾಗಿಯೂ ಇರಲಿಲ್ಲ. ರಾಜಾಸಾಬ್ ಪುಟ ತಿರುವಿ ತಿರುವಿ ನೋಡಿ, ರಿಜಿಸ್ಟರು ಮುಚ್ಚಿದ.

ಹೊತ್ತು ಇಳಿಯುವಾಗ ಡಾಕ್ಟರ ಜೀಪು ಬಂತು. ಪಂಚಾಕ್ಷರಪ್ಪ ಸಿಡುಬಿನ ಲಸಿಕೆಯ ಫ್ಲಾಸ್ಕನ್ನು ಕೈಯಲ್ಲೇ ಹಿಡಿದು ಇಳಿದರು. ಇಪ್ಪತ್ತಾರಕ್ಕೇ ಕೆಲಸ ನಿಂತಿದೆ ಎಂದು ಕೇಳಿ ಮುಖ ಗಂಟಾಯಿತು.

"ಈ ವಾರ ಐನೂರು ಮುಗಿಸ್ತೀನಿ ಅಂದಿದ್ದೆ, ರಾಜಾಸಾಬ್. ಜಿಲ್ಲೆಗೆ ನಾನೇನು ಬರೆದು ಕಳಿಸಲಿ?"

"ಸಾರ್, ಫಾರಂನ್ಯಾಗ ತಾಯಿ ಕಾಲಂ ಇಲ್ಲ ಸಾರ್. ತಂದಿ ಕಾಲಂ ಎಲ್ಲಾ ಸುಳ್ಳಾಗೈತಿ."

"ಫಾರಂ ತಿದ್ದೋಕೆ ನೀನ್ಯಾರು? ಇದ್ದದ್ದನ್ನ ತುಂಬು." ಈರಕ್ಕನ ಕಡೆ ತಿರುಗಿದರು. "ನೋಡಮ್ಮ, ಪಕ್ಕದ ಹಟ್ಟಿಯಲ್ಲಿ ಆಗಲೇ ಸಿಡುಬು ಕಾಣಿಸಿಕೊಂಡಿದೆ. ಬಿಲ್ಲೆ ಇಲ್ಲದ ಕುರಿಗೆ ಲಸಿಕೆ ಇಲ್ಲ. ಆಮೇಲೆ ಅತ್ತರೆ ನಾನು ಜವಾಬ್ದಾರನಲ್ಲ."

ಈರಕ್ಕನ ಕೈ ಮತ್ತೆ ಕರಿಮೂತಿಯ ಕಿವಿಗೆ ಹೋಯಿತು. ಸಿಡುಬು ಬಂದ ಹಿಂಡನ್ನು ಅವಳು ಕಂಡವಳು. ಮೂತಿ ತುಂಬ ಗುಳ್ಳೆ ಎದ್ದು, ಮೇವು ಮುಟ್ಟದೆ ಮಲಗಿದ ಕುರಿಗಳು.

"ಎಡಗಿವಿಗೆ ಹೊಡೀರಿ ಬಿಲ್ಲಿ, ಬ್ಯಾಡ ಅನ್ನಂಗಿಲ್ಲ. ಬಲಗಿವಿ ನಮ್ಮಪ್ಪ ಬರದದ್ದು. ಅದರ ಮ್ಯಾಲೆ ಇನ್ನೊಬ್ರ ಹೆಸರು ಕೂಡಂಗಿಲ್ಲ."

"ಇಲಾಖೆ ಬಲಗಿವಿ ಅಂದಿದೆ."

"ಹಂಗಾರ ಇಲಾಖೀನ ಬಂದು ಕಾಯ್ಲಿ."

ಉಚ್ಚಂಗೆಪ್ಪ ಗಾಬರಿಯಿಂದ, "ಅತ್ತಿಗೀ!" ಎಂದ. ಡಾಕ್ಟರು ಫ್ಲಾಸ್ಕನ್ನು ಕಲ್ಲುಬೆಂಚಿನ ಮೇಲೆ ಕುಕ್ಕಿ ಜೀಪು ಹತ್ತಿದರು. ಜೀಪು ತಿರುಗಿತು, ಆದರೆ ಮುಂದೆ ಹೋಗಲಿಲ್ಲ. ಓಣಿಯ ತುಂಬ ಮಾಳಮ್ಮನ ಹಿಂಡು ಬರುತ್ತಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಕುರಿಗಳು ಜೀಪಿನ ಎರಡೂ ಬದಿಗೆ ನೀರಿನಂತೆ ಹರಿದು, ರೊಪ್ಪದ ಮುಂದೆ ನಿಂತುಕೊಂಡವು. ತಾಯಿಗಳು ಹೊರಗೆ, ಮರಿಗಳು ಒಳಗೆ. ಯಾರ ಮಾತೂ ಯಾರಿಗೂ ಕೇಳದಷ್ಟು ಕೂಗು.

ಈರಕ್ಕ ಕರಿಮೂತಿಯನ್ನು ಹಿಂಡಿಗೆ ಬಿಟ್ಟು, ಬೇಲಿಯ ತಡಿಕೆಗೆ ಕೈ ಹಾಕಿ, "ಏ ರಾಜಾ, ಪೆನ್ಸಿಲ್ ತಗಿ!" ಎಂದು ಕೂಗಿದಳು.

ರಾಜಾಸಾಬ್ ಜೀಪಿನ ಕಡೆ ನೋಡಿದ. ಆಮೇಲೆ ಹೊಸ ಪುಟ ತೆಗೆದು, ಇಕ್ಕಳದ ಹಿಡಿಯನ್ನು ಅಡ್ಡ ಇಟ್ಟು, ಬಣ್ಣ ಮತ್ತು ಹಲ್ಲಿನ ನಡುವೆ ಒಂದು ಗೆರೆ ಎಳೆದ. ಗೆರೆ ಸ್ವಲ್ಪ ಸೊಟ್ಟಾಯಿತು. ಮೇಲೆ 'ತಾಯಿ' ಎಂದು ಬರೆದ.

ಈರಕ್ಕ ಮರಿಗಳನ್ನು ನಾಲ್ಕು ನಾಲ್ಕಾಗಿ ಬಿಟ್ಟಳು. ಬಿಟ್ಟ ಮರಿ ನೂರು ಕಾಲುಗಳ ನಡುವೆ ನುಗ್ಗಿ, ಎರಡು ಕಡೆ ಒದೆ ತಿಂದು, ಮೂರನೆಯ ಕಡೆ ಬಾಲ ಕುಣಿಸುತ್ತಾ ಮೊಲೆಗೆ ಬಾಯಿ ಹಾಕುತ್ತಿತ್ತು. ಈರಕ್ಕ ಹೆಸರು ಕೂಗುತ್ತಿದ್ದಳು. "ಬೋರಿ ಮಗಳು ಚುಕ್ಕಿ, ಚುಕ್ಕಿ ಮರಿ ಇದು! ಅದು ಗಿಡ್ಡಿದು! ಮುರುಕಿವಿ ಮರಿ ಬರಕೊ!" ರಾಜಾಸಾಬ್ ಓಡಾಡುತ್ತಾ ಬರೆಯುತ್ತಿದ್ದ. ಒಂದು ಬಿಳಿಮರಿ ಎಡಗಿವಿ ತುಂಡಾದ ಕುರಿಯ ಹತ್ತಿರ ಹೋಗಿ ಒದೆಸಿಕೊಂಡು ಬೆಪ್ಪಾಗಿ ನಿಂತಿತು. ಇನ್ನೂ ತಿಂಗಳು ತುಂಬದ್ದು, ಕಿವಿಗೆ ಕಚ್ಚು ಬಿದ್ದಿರಲಿಲ್ಲ.

"ಇದು ಉಚ್ಚಂಗೆಪ್ಪಂದ?" ಎಂದು ಕೇಳಿದ ರಾಜಾಸಾಬ್.

ಉಚ್ಚಂಗೆಪ್ಪ ಆ ಮರಿಯನ್ನು ಎತ್ತಿ, ಹಿಂಡಿನೊಳಗೆ ದಾರಿ ಮಾಡಿಕೊಂಡು ಹೋಗಿ, ಕರಿಮೂತಿಯ ಹೊಟ್ಟೆಯ ಕೆಳಗೆ ಬಿಟ್ಟ. "ಅಲ್ಲಲೇ, ಅತ್ತಿಗಿದು" ಎಂದ. ಅತ್ತಿಗೆಯವು ಬೇರೆಯಾದರೆ ನೂರು ತುಂಬದು; ಜಾತಿ ಟಗರಿನ ಲೆಕ್ಕ ಅವನ ಬಾಯಿಂದಲೇ ಮುರಿದಿತ್ತು. ಕೈಗೆ ಅಂಟಿದ ಉಣ್ಣೆಯನ್ನು ಪಂಚೆಗೆ ಒರೆಸಿಕೊಂಡು ಇನ್ನೊಂದು ಮರಿ ಎತ್ತಲು ಬಗ್ಗಿದ.

ಡಾಕ್ಟರು ಜೀಪಿನಿಂದ ಇಳಿದು ಬಂದಿದ್ದರು. ರಾಜಾಸಾಬನ ಹೆಗಲ ಮೇಲಿಂದ ಸೊಟ್ಟಗೆರೆಯ ಪುಟವನ್ನು ಓದಿದರು. ಹಿಂದಿನ ಪುಟ ತಿರುವಿ, ಇಪ್ಪತ್ತಾರು ಸಲ ಬರೆದಿದ್ದ ಕೆಂಚನನ್ನೂ ಪಕ್ಕದ ಹಲ್ಲುಗಳನ್ನೂ ನೋಡಿದರು.

"ಈ ಪುಟಕ್ಕೆ ನಾನು ಸಹಿ ಹಾಕೋದಿಲ್ಲ," ಎಂದರು.

"ಬ್ಯಾಡ್ರಿ ಸಾರ್," ಎಂದ ರಾಜಾಸಾಬ್. "ಆದ್ರ ಇಟ್ಟಿಗಿಗೂ ಚಿಗಟೇರಿಗೂ ನಾ ಇದ್ನ ತಗೊಂಡು ಹೋಗಾಂವ. ಹಳೇದು ಬರ್ಯಾಕ ನನ್ನ ಕೈಲೆ ಆಗಂಗಿಲ್ಲ."

ಪಂಚಾಕ್ಷರಪ್ಪ ರಿಜಿಸ್ಟರನ್ನು ಅವನ ಕೈಗೇ ಬಿಟ್ಟು ಜೀಪು ಹತ್ತಿದರು. ಓಣಿ ಖಾಲಿಯಾಗಿತ್ತು, ಜೀಪು ಹೋಯಿತು. ಧೂಳು ಇಳಿದ ಮೇಲೆ ನೋಡಿದರೆ ಲಸಿಕೆಯ ಫ್ಲಾಸ್ಕು ಕಲ್ಲುಬೆಂಚಿನ ಮೇಲೆಯೇ ಇತ್ತು.

"ಮರತು ಹೋದ್ರೇನು?" ಎಂದಳು ಮಾಳಮ್ಮ.

ರಾಜಾಸಾಬ್ ಮುಚ್ಚಳ ತೆಗೆದು ಒಳಗೆ ನೋಡಿದ. ಮಂಜುಗಡ್ಡೆ ಇನ್ನೂ ಇತ್ತು. "ಕರಗಾದ್ರಾಗ ಮುಗಸಬೇಕು. ಒಂದೊಂದ ಹಿಡಕೊಡ್ರಿ," ಎಂದು ಸಿರಿಂಜು ತೆಗೆದ.

ಅದಕ್ಕೂ ಮೊದಲು ಈರಕ್ಕ ರಿಜಿಸ್ಟರಿಗೆ ಕೈ ಚಾಚಿದಳು. ಮಾಲೀಕರ ಕಾಲಂ ಯಾವುದೆಂದು ಕೇಳಿ, ಪೆನ್ಸಿಲನ್ನು ಚಾಕುವಿನಂತೆ ಮುಷ್ಟಿಯಲ್ಲಿ ಹಿಡಿದು, ಎಲೆಯಂಥ ಒಂದು ಕಿವಿ ಬರೆದು ಅದರ ಅಂಚಿಗೆ ಎರಡು ಕಚ್ಚು ಹಾಕಿದಳು. ಕಾಗದ ಒಂದು ಕಡೆ ಹರಿಯಿತು. ಡಾಕ್ಟರ ಸಹಿಯ ಜಾಗ ಕೆಳಗೆ ಖಾಲಿ ಉಳಿಯಿತು.

ಮರಿಗಳ ಕೂಗು ಒಂದೊಂದಾಗಿ ನಿಲ್ಲುತ್ತಾ ಬಂತು. ಕತ್ತಲಾಗುವ ಮುಂಚೆ ಹಟ್ಟಿಯಲ್ಲಿ ಮೊಲೆ ಚೀಪುವ ಸದ್ದು ಮಾತ್ರ ಕೇಳುತ್ತಿತ್ತು.